ಸೋನೆಮಳೆಯ ಮೈಸೂರು

ಆರಿದ್ರಾ ಮಳೆ ಹಿಡಿಯಿತೆಂದರೆ ಭೇರ್ಯದಲ್ಲಿ ಬಸ್ಸು ನಿಲ್ಲುವ ಜಾಗದ ಬಳಿ ಬೆಳಗಿನ ಏಳು ಗಂಟೆಗೆಲ್ಲ ಎರಡು ಬಗೆಯ ಜನರನ್ನು ಕಾಣಬಹುದು. ಒಂದು ಬಗೆಯವರು ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಆಕಾಶದ ಕಡೆಗೊಮ್ಮೆ ನಾಲೆಯ ಕಡೆಗೊಮ್ಮೆ ನೋಡುತ್ತ ಗದ್ದೆಗೆ ಹೊರಟವರು. ಇನ್ನೊಂದು ಬಗೆಯವರು ಇಸ್ತ್ರಿಯ ಅಂಗಿ ತೊಟ್ಟು, ಕಂಕುಳಲ್ಲಿ ಮಡಿಸಿದ ಕೊಡೆ ಇರುಕಿಕೊಂಡು, ಹೊಳೆನರಸೀಪುರದ ಕಡೆಯಿಂದ ಬರಬೇಕಾದ ಮೈಸೂರು ಬಸ್ಸನ್ನು ಕಾಯುತ್ತ ನಿಂತವರು. ಮೊದಲನೆಯವರಿಗೆ ಬಂದ ಮಳೆ ಸಾಲದು. ಎರಡನೆಯವರಿಗೆ ಬಸ್ಸು ಬರುವವರೆಗಾದರೂ ಅದು ನಿಂತರೆ ಸಾಕು. ಒಂದೇ ಮೋಡ ಇಬ್ಬರ ಮೊರೆಯನ್ನೂ ಕೇಳಬೇಕು. ಸಾಮಾನ್ಯವಾಗಿ ಅದು ಇಬ್ಬರಿಗೂ ಅರ್ಧರ್ಧ ಒಲಿದು, ಸುರಿಯುವುದೂ ಅಲ್ಲದ ನಿಲ್ಲುವುದೂ ಅಲ್ಲದ ಸೋನೆಯಾಗಿ ಇಳಿಯುತ್ತಿರುತ್ತದೆ.

ಬಸ್ಸು ಬರುತ್ತದೆ. ಕಾಲೇಜಿನ ಹುಡುಗರು, ಕಚೇರಿಯ ಗುಮಾಸ್ತರು, ಆಸ್ಪತ್ರೆಗೆ ಹೊರಟ ಮುದುಕರು, ಬುಟ್ಟಿಯ ಮೇಲೆ ಬಾಳೆಯೆಲೆ ಹೊದಿಸಿಕೊಂಡ ತರಕಾರಿಯ ಹೆಂಗಸರು ಹತ್ತಿ ಕುಳಿತುಕೊಳ್ಳುತ್ತಾರೆ. ಕಿಟಕಿಗಳೆಲ್ಲ ಮುಚ್ಚಿ, ಒಳಗೆ ಒದ್ದೆ ಬಟ್ಟೆಯ, ಮಲ್ಲಿಗೆಯ, ಬೀಡಿಯ ವಾಸನೆಗಳು ಒಂದರೊಳಗೊಂದು ಸೇರಿಕೊಂಡು, ಮೈಸೂರು ಮುಟ್ಟುವವರೆಗೂ ಯಾರೂ ಕಿಟಕಿ ತೆರೆಯುವುದಿಲ್ಲವೆಂಬ ಅಲಿಖಿತ ಒಪ್ಪಂದವಾಗಿರುತ್ತದೆ. ಆ ಒಪ್ಪಂದ ಒಂದೇ ಒಂದು ಕಡೆ ಮುರಿಯುತ್ತದೆ. ಅದು ಕೃಷ್ಣರಾಜನಗರದ ಬಳಿ ಕಾವೇರಿಯ ಸೇತುವೆಯನ್ನು ದಾಟುವಾಗ. ನಿದ್ದೆಗಣ್ಣಿನವರೂ ಎದ್ದು, ಗಾಜನ್ನು ಸರಿಸಿ, ತಲೆ ಹೊರಗಿಟ್ಟು ನೋಡುತ್ತಾರೆ. ನೀರು ತಿಳಿಯಾಗಿದ್ದರೆ ಮರುಮಾತಿಲ್ಲದೆ ಗಾಜು ಮುಚ್ಚುತ್ತದೆ. ನೀರು ಕೆಂಪಾಗಿ ಕದಡಿದ್ದರೆ ಬಸ್ಸಿಗೆ ಬಸ್ಸೇ ಮಾತಾಡತೊಡಗುತ್ತದೆ: "ಕೊಡಗಿನಲ್ಲಿ ಹಿಡಿದಿದೆ!"

ಈ ಹೊಳೆಯನ್ನು ನೋಡುವ ಅಭ್ಯಾಸಕ್ಕೆ ಇಲ್ಲಿಯವರಿಗೆ ಹಳೆಯ ಕಾರಣವೂ ಉಂಟು. ಕೃಷ್ಣರಾಜನಗರವೆಂಬ ಊರು ಮಳೆಯಿಂದಲೇ ಹುಟ್ಟಿದ್ದೆಂದರೆ ತಪ್ಪಾಗದು. ಹೊಳೆಯ ದಂಡೆಯಲ್ಲಿ, ಅರ್ಕೇಶ್ವರನ ಗುಡಿಯ ಬಳಿ ಇದ್ದ ಎಡತೊರೆ ಕಾವೇರಿಯ ನೆರೆಗೆ ಸಿಕ್ಕಿ ನೊಂದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದ ಮೇಲೆ ಅಗಲವಾದ ಬೀದಿಗಳನ್ನು ಎಳೆದು ಹೊಸ ಊರನ್ನು ಕಟ್ಟಿದರು; ಅರಸರ ಹೆಸರನ್ನೇ ಅದಕ್ಕೆ ಇಟ್ಟರು. 1924ರ ಜುಲೈನಲ್ಲಿ ಕಾವೇರಿಯುದ್ದಕ್ಕೂ ಬಂದ ಮಹಾಪೂರದ ಮಾತು ಈ ಕಡೆಯ ಮುದುಕರ ಬಾಯಲ್ಲಿ ಬಹುಕಾಲ ಉಳಿದಿತ್ತು. ಹೀಗಿರುವಾಗ, ಮೈಸೂರಿಗೆ ಹೊರಟವನು ಹೊಳೆಯ ಬಣ್ಣವನ್ನು ನೋಡದೆ ಹೇಗೆ ಹೋದಾನು?

ಇಲವಾಲ ದಾಟಿ ಮೈಸೂರು ಸಮೀಪಿಸುತ್ತಿದ್ದಂತೆ ಮಳೆ ಇನ್ನಷ್ಟು ತೆಳುವಾಗುತ್ತದೆ. ಹೊಸಬರಿಗೆ ಇದೊಂದು ಸೋಜಿಗ. ಮಳೆಗಾಲವೆಂದರೆ ಆಗುಂಬೆಯನ್ನೋ ಮಡಿಕೇರಿಯನ್ನೋ ಕಣ್ಣ ಮುಂದೆ ತಂದುಕೊಂಡು ಬಂದವರು ಮೈಸೂರಿನ ಜುಲೈ ತಿಂಗಳನ್ನು ಕಂಡು ನಿರಾಶರಾಗುವುದೂ ಉಂಟು. ವರ್ಷವೆಲ್ಲ ಸೇರಿ ಈ ಊರಿಗೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್ ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಗುಡುಗು ಸಿಡಿಲುಗಳ ಆರ್ಭಟದೊಡನೆ ಬರುವುದು ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ. ಇಲ್ಲವೆ ಮುಂಗಾರು ಹಿಂದಿರುಗುವ ಅಕ್ಟೋಬರಿನಲ್ಲಿ. ನಡುವಣ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪಡುವಣ ಗಾಳಿ ತನ್ನ ಸರಕನ್ನೆಲ್ಲ ಘಟ್ಟದ ನೆತ್ತಿಯ ಮೇಲೆ, ಕೊಡಗಿನ ಕಾಡುಗಳ ಮೇಲೆ ಇಳಿಸಿ, ಬರಿಗೈಯಲ್ಲಿ ಅಲ್ಲದಿದ್ದರೂ ಹಗುರವಾದ ಕೈಯಲ್ಲಿ ಮೈಸೂರಿಗೆ ಬರುತ್ತದೆ. ಮಡಿಕೇರಿಗೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಇಲ್ಲಿಗೆ ಬರುವ ಹೊತ್ತಿಗೆ ಪನ್ನೀರು ಚಿಮುಕಿಸಿದಂತಾಗಿರುತ್ತದೆ.

ಆದರೆ ಈ ಬಡ ಮಳೆಯಿಂದಲೇ ಮೈಸೂರಿನ ಮಳೆಗಾಲಕ್ಕೆ ಅದರದೇ ಆದ ಸೊಗಸು ಬಂದಿದೆ. ಮನೆಯಿಂದ ಹೊರಬೀಳಲಾಗದಂತೆ ಕಟ್ಟಿಹಾಕುವ ಮಳೆಯಲ್ಲ ಇದು. ಹೊರಗೆ ಹೋದವನನ್ನು ಒಂದರ್ಧ ಗಂಟೆ ಯಾವುದಾದರೂ ಕಮಾನಿನ ಕೆಳಗೆ ನಿಲ್ಲಿಸಿ, ಪರಿಚಯವಿಲ್ಲದವರೊಡನೆ ಮಾತಿಗೆ ಹಚ್ಚಿ, ಮತ್ತೆ ಮುಂದೆ ಕಳುಹಿಸುವ ಮಳೆ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ಸಯ್ಯಾಜಿರಾವ್ ರಸ್ತೆಯ ಅಂಗಡಿಗಳ ಮುಂದೆ, ಹನಿ ದಪ್ಪವಾದೊಡನೆ ಸೇರುವ ಸಣ್ಣ ಸಣ್ಣ ಸಭೆಗಳನ್ನು ನೋಡಬೇಕು. ಅಧ್ಯಕ್ಷರಿಲ್ಲದ, ವಂದನಾರ್ಪಣೆಯಿಲ್ಲದ ಸಭೆಗಳು ಅವು. ಮಳೆಯಿಂದ ಮೊದಲಾದ ಮಾತು ತೊಗರಿಬೇಳೆಯ ಬೆಲೆಗೆ ಹೋಗಿ, ಅಲ್ಲಿಂದ ಯಾರದೋ ಮಗಳ ಮದುವೆಗೆ ದಾಟಿ, ಹನಿ ನಿಂತ ಕೂಡಲೆ ಅರ್ಧದಲ್ಲೇ ಕಡಿದುಹೋಗುತ್ತದೆ.

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನೋಡಿದರೆ ಮೈಸೂರಿಗರ ಮಳೆಪ್ರೀತಿಯ ನಿಜವಾದ ಅಳತೆ ಸಿಗುತ್ತದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಇದು. ನಾಲ್ಕು ಕಿಲೋಮೀಟರಿಗೂ ಮೇಲಾದ ಅದರ ಸುತ್ತುದಾರಿಯಲ್ಲಿ ಮಫ್ಲರು ಸುತ್ತಿದ ನಿವೃತ್ತ ಮೇಷ್ಟರುಗಳು, ಸ್ವೆಟರು ತೊಟ್ಟ ಗೃಹಿಣಿಯರು, ಕೊಡೆ ಹಿಡಿದೇ ಓಡುವ ತರುಣರು, ಎಲ್ಲರೂ ಮಳೆಯನ್ನು ಲೆಕ್ಕಿಸದೆ ತಂತಮ್ಮ ಸುತ್ತುಗಳನ್ನು ಮುಗಿಸುತ್ತಾರೆ. ಕುವೆಂಪು ಅವರು ಸಂಜೆಯ ಹೊತ್ತು ಸಂಚಾರಕ್ಕೆ ಬರುತ್ತಿದ್ದುದು ಇಲ್ಲಿಗೇ. ಆ ಸಂಚಾರಗಳಿಂದ ಕವಿತೆಗಳೂ ಹುಟ್ಟಿದವು. ಆರ್. ಕೆ. ನಾರಾಯಣರೂ ಈ ದಂಡೆಯಲ್ಲಿ ನಡೆದವರೇ. ಮಳೆ ಹನಿಯುವಾಗ ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗಿ, ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕತ್ತು ಮಡಿಸಿ ಕುಳಿತಿರುತ್ತವೆ. ಅವಕ್ಕೂ ಆ ಹೊತ್ತಿನಲ್ಲಿ ಕೆಲಸವಿದ್ದಂತೆ ತೋರುವುದಿಲ್ಲ.

ಕೆರೆ ಸುತ್ತಿ ಬಂದವರು ನೇರವಾಗಿ ಕಾಫಿಗೆ ಹೋಗುತ್ತಾರೆ. ಮಳೆಗಾಲದ ಕಾಫಿಯ ವಿಷಯವಾಗಿ ಬರೆಯಹೊರಟರೆ ಪತ್ರಿಕೆಯ ಪುಟಗಳು ಸಾಲವು. ಒಂದು ಮಾತು ಹೇಳಿ ಮುಂದೆ ಹೋಗುವುದೇ ಕ್ಷೇಮ: ಬೇಸಿಗೆಯಲ್ಲಿ ಮೈಸೂರಿನವನು ಕಾಫಿಯನ್ನು ಕುಡಿಯುತ್ತಾನೆ, ಮಳೆಗಾಲದಲ್ಲಿ ಎರಡು ಕೈಗಳಿಂದಲೂ ಹಿಡಿದುಕೊಳ್ಳುತ್ತಾನೆ.

ಆಷಾಢ ಬಂತೆಂದರೆ ಈ ಶಾಂತವಾದ ಊರಿಗೆ ನಾಲ್ಕು ಶುಕ್ರವಾರಗಳ ಮಟ್ಟಿಗೆ ಬೇರೊಂದು ಕಳೆ ಏರುತ್ತದೆ. ನಸುಕಿಗೆ ಮೊದಲೇ ಜನ ಚಾಮುಂಡಿ ಬೆಟ್ಟದ ಕಡೆಗೆ ಹೊರಡುತ್ತಾರೆ. ಆ ದಿನಗಳಲ್ಲಿ ಸ್ವಂತ ವಾಹನಗಳನ್ನು ಕೆಳಗೇ ತಡೆದು ಸರ್ಕಾರಿ ಬಸ್ಸುಗಳಲ್ಲಿ ಭಕ್ತರನ್ನು ಸಾಗಿಸುವ ವ್ಯವಸ್ಥೆ ಇರುತ್ತದೆ. ಹರಕೆ ಹೊತ್ತವರು ಮಾತ್ರ ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನೇ ಏರುತ್ತಾರೆ. ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬಗ್ಗಿ ಏಳುವ ಹೆಣ್ಣುಮಕ್ಕಳ ಹಿಂದೆಯೇ ಸೋನೆ ಆ ಬಣ್ಣವನ್ನು ತೊಳೆಯುತ್ತ ಏರುತ್ತದೆ. ನಂದಿಯ ಬಳಿ ದಣಿವಾರಿಸಿಕೊಳ್ಳಲು ಕುಳಿತರೆ ಕೆಳಗಿರಬೇಕಾದ ಊರು ಕಾಣದು, ಬರಿಯ ಮಂಜು. ಅರಮನೆಯ ಗೋಪುರವೊಂದು ಕ್ಷಣ ಹೊಳೆದು ಮತ್ತೆ ಮರೆಯಾಗುತ್ತದೆ.

2023ರ ಜೂನ್ 11ರಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಭೇರ್ಯ, ಸಾಲಿಗ್ರಾಮ, ಮಿರ್ಲೆಗಳ ಕಡೆಯ ಹೆಂಗಸರಿಗೂ ಈ ಶುಕ್ರವಾರಗಳು ಕೈಗೆ ಎಟುಕಿದವು. ಮುಂಚೆ ಮನೆಯ ಯಜಮಾನನ ಮುಖ ನೋಡಿ, ಬಸ್ಸಿನ ಚಾರ್ಜು ಕೇಳಿ, ಕೊನೆಗೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಪಡೆಯುತ್ತಿದ್ದ ಅತ್ತೆ ಸೊಸೆಯರು ಆಧಾರ್ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಒಟ್ಟಿಗೆ ಹೊರಟುಬಿಡುತ್ತಾರೆ. ಬೆಟ್ಟ ಇಳಿದ ಮೇಲೆ ಮಾರುಕಟ್ಟೆಯಲ್ಲಿ ಒಂದು ಸುತ್ತು, ಒಂದು ಮಸಾಲೆದೋಸೆ, ಒಂದು ಮೊಳ ಮೈಸೂರು ಮಲ್ಲಿಗೆ, ಅಷ್ಟೇ. ಯಜಮಾನನಿಗೆ ಆ ದಿನ ತಣ್ಣಗಿನ ಮುದ್ದೆ. ದೇವಿಯ ದರ್ಶನ ಎಷ್ಟು ಹೊತ್ತು ಆಯಿತೆಂದು ಕೇಳಿದರೆ ಈ ಹೆಂಗಸರು ಸರಿಯಾಗಿ ಹೇಳಲಾರರು. ದೋಸೆಗೆ ಎಷ್ಟು ಹೊತ್ತು ಕಾದೆವೆಂಬುದನ್ನು ನಿಮಿಷ ಸಹಿತ ಹೇಳುತ್ತಾರೆ.

ಮಧ್ಯಾಹ್ನಗಳು ಮನೆಯವು. ಊಟವಾಗಿ, ಪಾತ್ರೆ ತೊಳೆದು, ಹೊರಗೆ ಹೆಂಚಿನಿಂದ ಹನಿಗಳು ಒಂದೇ ತಾಳದಲ್ಲಿ ತೊಟ್ಟಿಕ್ಕುತ್ತಿರುವ ಆ ಹೊತ್ತಿನಲ್ಲಿ ಅಗ್ರಹಾರದ, ಚಾಮುಂಡಿಪುರದ, ಒಂಟಿಕೊಪ್ಪಲಿನ ಹಳೆಯ ಮನೆಗಳಲ್ಲಿ ಈಗಲೂ ಚೌಕಾಬಾರದ ಮಣೆ ಹೊರಬರುವುದುಂಟು. ಮಣೆ ಎಂದದ್ದು ಮಾತಿಗೆ; ಅನೇಕ ಕಡೆ ಅದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದು ಅಡ್ಡ ಐದು ಉದ್ದದ ಇಪ್ಪತ್ತೈದು ಮನೆಗಳ ಚೌಕ. ದಾಳಗಳೆಂದರೆ ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜಗಳನ್ನು ಕಲ್ಲಿನ ಮೇಲೆ ತೇದು ಒಂದು ಮಗ್ಗುಲನ್ನು ಬಿಳುಪು ಮಾಡಿಕೊಂಡರೆ ಆಯಿತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಎರಡಕ್ಕೂ ಮತ್ತೊಂದು ಆಟ ಲಾಭ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಪ್ರವೇಶವಿಲ್ಲ. ಈ ಒಂದು ಕಟ್ಟಳೆಯೇ ಆಟಕ್ಕೆ ಜೀವ. ಇಡೀ ವರ್ಷ ಅತ್ತೆಯ ಮುಂದೆ ತಲೆಯೆತ್ತದ ಸೊಸೆ, ಹಣ್ಣಾಗಲು ಇನ್ನೊಂದೇ ಮನೆ ಉಳಿದಿರುವ ಅತ್ತೆಯ ಕಾಯನ್ನು ನಿರ್ದಾಕ್ಷಿಣ್ಯವಾಗಿ ಹೊಡೆದು ಮೊದಲ ಮನೆಗೆ ಅಟ್ಟಿಬಿಡುತ್ತಾಳೆ. ಅತ್ತೆಯೂ ನಗಲೇಬೇಕು. ಮೊಮ್ಮಕ್ಕಳು ಮೋಸ ಮಾಡುತ್ತಾರೆ; ಅಜ್ಜಿ ಅದನ್ನು ಕಂಡೂ ಕಾಣದಂತಿರುತ್ತಾಳೆ; ಅಥವಾ ತಾನೇ ಅದಕ್ಕಿಂತ ದೊಡ್ಡ ಮೋಸ ಮಾಡಿರುತ್ತಾಳೆ.

ಮನೆಯೊಳಗಿನ ಆಟಗಳಿಗೂ ಮೈಸೂರಿಗೂ ಇರುವ ನಂಟು ರಾಜಮನೆತನದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳಲ್ಲಿ ಬರಿಯ ಆಸಕ್ತಿಯಿದ್ದವರಲ್ಲ, ಹೊಸ ಆಟಗಳನ್ನೇ ಕಲ್ಪಿಸಿದವರು. ಗಂಜೀಫಾ ಎಲೆಗಳಲ್ಲಿ ಅವರು ತಂದ ವೈವಿಧ್ಯವನ್ನು ಇಂದಿಗೂ ಕಲಾವಿದರು ಬೆರಗಿನಿಂದ ನೆನೆಯುತ್ತಾರೆ. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಬಾರಿ ಮುಟ್ಟದೆ ಇಡೀ ಪಟದ ಮೇಲೆ ನಡೆಸುವ ಸಮಸ್ಯೆಯಲ್ಲಿ ಅವರು ಮಗ್ನರಾಗುತ್ತಿದ್ದರು. ರಾಜ್ಯದ ಆಡಳಿತವನ್ನು 1831ರಲ್ಲಿ ಇಂಗ್ಲಿಷರು ಕಿತ್ತುಕೊಂಡ ಮೇಲೆ ಅರಸರಿಗೆ ಬಿಡುವೇನೋ ಧಾರಾಳವಾಗಿ ದೊರೆಯಿತು. ಆ ಬಿಡುವು ಯಾವ ಬಗೆಯದಾಗಿದ್ದೀತು ಎಂಬುದನ್ನು ಮಾತ್ರ ಯೋಚಿಸಬೇಕು. ಈಗ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಈ ಹಳೆಯ ಮಣೆಗಳನ್ನೂ ಕಾಯಿಗಳನ್ನೂ ಹೊಸದಾಗಿ ಮಾಡಿಸಿ ಪ್ರದರ್ಶನಗಳನ್ನು ಏರ್ಪಡಿಸುತ್ತ ಬಂದಿದೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಹೇಗೋ ಹಾಗೆ ಇಲ್ಲಿ ಅಳಗುಳಿಮಣೆ. ಹೆಸರು ಬೇರೆ, ಗುಳಿ ಅವೇ ಹದಿನಾಲ್ಕು.

ಆಟದ ನಡುವೆ ಬಾಯಿಗೆ ಕೆಲಸವಿಲ್ಲದಿದ್ದರೆ ಹೇಗೆ? ಬೇಸಿಗೆಯಲ್ಲಿ ಮಹಡಿಯ ಮೇಲೆ ಒಣಗಿಸಿ ಡಬ್ಬದಲ್ಲಿ ತುಂಬಿದ ಹಪ್ಪಳ ಸಂಡಿಗೆಗಳಿಗೆ ಮೋಕ್ಷ ಸಿಗುವುದು ಈಗ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಉಪ್ಪು ಖಾರ ಸವರಿದ ಮುಸುಕಿನ ಜೋಳ, ಈರುಳ್ಳಿ ಕಾಯಿತುರಿ ಬೆರೆಸಿದ ಕಡಲೆಪುರಿ, ಮೆಣಸಿನಕಾಯಿ ಬಜ್ಜಿ. ಕೊಡಗಿನಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಮನೆಗಳಲ್ಲಿ ಕಳಲೆಯ ಪಲ್ಯವಾಗುತ್ತದೆ. ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸವಾಗುತ್ತದೆ. ಆ ಪಾಯಸದ ನೇರಳೆ ಬಣ್ಣವನ್ನು ಕಂಡು ಬೆಚ್ಚಿದ ನೆರೆಮನೆಯವರು ಒಂದು ಚಮಚ ರುಚಿ ನೋಡಿದ ಮೇಲೆ ಮರುವರ್ಷ ತಾವಾಗಿಯೇ ಬಟ್ಟಲು ಹಿಡಿದು ಬರುತ್ತಾರೆ.

ಓದು ಮಳೆಗಾಲದ ಇನ್ನೊಂದು ಸುಖ. ಮೈಸೂರಿನ ಮನೆಗಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಕಾದಂಬರಿಯ ಹುಚ್ಚನ್ನು ಹತ್ತಿಸಿದವರಲ್ಲಿ ತ್ರಿವೇಣಿಯವರು ಮೊದಲ ಸಾಲಿನವರು. ಇದೇ ಊರಿನಲ್ಲಿ ಬಾಳಿ, 1963ರಲ್ಲಿ ಇನ್ನೂ ಮೂವತ್ತೈದು ತುಂಬುವ ಮೊದಲೇ ಅಗಲಿದ ಅವರ ಪುಸ್ತಕಗಳು ಇಂದಿಗೂ ಮಳೆಯ ಮಧ್ಯಾಹ್ನಗಳಲ್ಲಿ ಕೈಯಿಂದ ಕೈಗೆ ಹೋಗುತ್ತವೆ. ಅವರ 'ಬೆಳ್ಳಿ ಮೋಡ'ವನ್ನು 1967ರಲ್ಲಿ, 'ಶರಪಂಜರ'ವನ್ನು 1971ರಲ್ಲಿ ತೆರೆಗೆ ತಂದ ಪುಟ್ಟಣ್ಣ ಕಣಗಾಲರು ಪಿರಿಯಾಪಟ್ಟಣದ ಕಡೆಯ ಕಣಗಾಲಿನವರು ಎಂಬುದನ್ನು ಆ ತಾಲ್ಲೂಕಿನವರು ಸಂದರ್ಭ ಸಿಕ್ಕಿದಾಗಲೆಲ್ಲ, ಸಿಗದಿದ್ದಾಗಲೂ, ನೆನಪಿಸುತ್ತಾರೆ. ಮಳೆ ಬಂದರೆ ಮ್ಯಾಟಿನಿಗೆ ಓಡುವ ಪದ್ಧತಿ ಮಾತ್ರ ಈಗ ಸಡಿಲವಾಗಿದೆ. ತಲೆಮಾರುಗಳು ಸಾಲುಗಟ್ಟಿ ನಿಂತಿದ್ದ ಶಾಂತಲಾ ಚಿತ್ರಮಂದಿರ 2020ರಲ್ಲಿ ಬಾಗಿಲು ಮುಚ್ಚಿತು.

ರೇಡಿಯೋ ಉಳಿದುಕೊಂಡಿದೆ. ಉಳಿಯಲೇಬೇಕು, ಏಕೆಂದರೆ 'ಆಕಾಶವಾಣಿ' ಎಂಬ ಹೆಸರಿನಿಂದ ನಿಲಯವೊಂದು ಮೊದಲು ಮಾತನಾಡಿದ್ದೇ ಈ ಊರಿನಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರಯಂತ್ರವನ್ನಿಟ್ಟುಕೊಂಡು ಅದನ್ನು ನಡೆಸತೊಡಗಿದರು. ಮಳೆಯ ರಾತ್ರಿ ವಿದ್ಯುತ್ತು ಹೋದಾಗ ಬ್ಯಾಟರಿಯ ಪೆಟ್ಟಿಗೆಯಿಂದ ಬರುವ ದನಿಯೊಂದೇ ಮನೆಯಲ್ಲಿ ಉಳಿಯುತ್ತಿತ್ತೆಂಬುದನ್ನು ಬಲ್ಲವರು ಈಗಲೂ ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಲ್ಲ.

ಆಗಸ್ಟ್ ಕಳೆಯುತ್ತ ಬಂದಂತೆ ಊರಿನ ಮಕ್ಕಳ ಕಿವಿ ನಿಮಿರುತ್ತದೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಪೂಜೆಯಾಗಿ, ದಸರೆಯ ಆನೆಗಳು ಕಾಡಿನಿಂದ ನಾಡಿಗೆ ಬರುವ ಕಾಲ ಅದು. ಬಂದ ಮೇಲೆ ದಿನವೂ ಅರಮನೆಯಿಂದ ಬನ್ನಿಮಂಟಪದವರೆಗೆ ಅವುಗಳಿಗೆ ನಡಿಗೆಯ ಅಭ್ಯಾಸ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರಬೇಕಾದ ಆನೆಗೆ ಮೊದಲು ಬರಿಮೈ, ಆಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. ಈ ಮೆರವಣಿಗೆಗೆ ಟಿಕೆಟ್ಟಿಲ್ಲ, ಪಾಸಿಲ್ಲ, ಪೊಲೀಸರ ಹಗ್ಗವೂ ಅಷ್ಟಿಲ್ಲ. ಸೋನೆಯಲ್ಲಿ ನೆನೆದು ಕಪ್ಪು ಬಂಡೆಗಳಂತೆ ಮಿನುಗುತ್ತ ಸಾಲಾಗಿ ನಡೆಯುವ ಆನೆಗಳನ್ನು ನೋಡಲು ಶಾಲೆಯ ಚೀಲ ಹೊತ್ತ ಮಕ್ಕಳು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಾರೆ. ತಡವಾಯಿತೆಂದು ಗದರಿಸಬೇಕಾದ ತಂದೆಯೂ ಸ್ಕೂಟರು ನಿಲ್ಲಿಸಿಕೊಂಡು ನಿಂತಿರುತ್ತಾನೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದ ಆನೆ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಬಳಿ ಕಾಡಾನೆಯೊಡನೆ ಹೋರಾಡಿ ಅದು ಸತ್ತ ಸುದ್ದಿ ಬಂದಾಗ ಮೈಸೂರಿನ ಅನೇಕ ಮನೆಗಳಲ್ಲಿ ಬಂಧುವೊಬ್ಬ ಹೋದಂತಾಯಿತು. ಟಿಕೆಟ್ಟು ಕೊಂಡು ಜಂಬೂಸವಾರಿ ನೋಡಿದವರಿಗಿಂತ ಮಳೆಯಲ್ಲಿ ನಿಂತು ಬರಿಮೈಯ ಅರ್ಜುನನನ್ನು ನೋಡಿದವರೇ ಹೆಚ್ಚು ಅತ್ತಿರಬೇಕು.

ಇಷ್ಟೆಲ್ಲ ಸುಖದ ನಡುವೆಯೂ ಮೈಸೂರಿಗನ ಕಣ್ಣು ಪ್ರತಿದಿನ ಪತ್ರಿಕೆಯ ಒಂದು ಮೂಲೆಗೆ ಹೋಗುತ್ತದೆ. ಅಲ್ಲಿ ಕನ್ನಂಬಾಡಿಯ ನೀರಿನ ಮಟ್ಟ ಅಚ್ಚಾಗಿರುತ್ತದೆ. ಪೂರ್ಣ ಮಟ್ಟ 124.80 ಅಡಿ. ಈ ಅಂಕೆಯನ್ನು ಇಲ್ಲಿಯ ಶಾಲೆಯ ಮಕ್ಕಳೂ ಮಗ್ಗಿಯಂತೆ ಹೇಳುತ್ತಾರೆ. ಊರಿಗೆ ಬೀಳುವ ಸೋನೆ ಕುಡಿಯಲು ಸಾಲದು. ಮೈಸೂರು ಕುಡಿಯುವುದು ಕೊಡಗಿನ ಮಳೆಯನ್ನು ಹೊತ್ತು ತರುವ ಕಾವೇರಿಯನ್ನು, ವಯನಾಡಿನ ಮಳೆಯನ್ನು ಹೊತ್ತು ತರುವ ಕಬಿನಿಯನ್ನು. ಕಾವೇರಿಯ ನೀರನ್ನು ನಾಲೆಯ ಮೂಲಕ ಮೈಸೂರಿಗೆ ಹರಿಸಬೇಕೆಂದು ದಿವಾನ್ ಪೂರ್ಣಯ್ಯನವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಕೆಲಸ ತೊಡಗಿಸಿದ್ದರು, ಅದು ಕೈಗೂಡಲಿಲ್ಲ. ಅಣೆಕಟ್ಟೆಯ ಕೆಲಸ 1911ರಲ್ಲಿ ಮೊದಲಾಗಿ, ವಿಶ್ವೇಶ್ವರಯ್ಯನವರ ಯೋಜನೆ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷಗಳೇ ಕಳೆದವು. 49 ಟಿ.ಎಂ.ಸಿ.ಗೂ ಮೀರಿದ ನೀರು ಹಿಡಿಯುವ ಆ ಕಟ್ಟೆ ಎಲ್ಲ ವರ್ಷವೂ ತುಂಬುವುದಿಲ್ಲ.

2023ರಲ್ಲಿ ತುಂಬಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಮೋಡಗಳು ಬಂದು ಬಂದು ಹಾಗೆಯೇ ಹೋದವು. ಮೈಸೂರಿನ ಬೀದಿಗಳಲ್ಲಿ ತಂಪಾದ ಗಾಳಿಯೇನೋ ಇತ್ತು, ಬಜ್ಜಿಯ ಬಾಣಲೆಯೂ ಸದ್ದು ಮಾಡುತ್ತಿತ್ತು. ಆದರೆ ಪತ್ರಿಕೆಯ ಆ ಮೂಲೆಯ ಅಂಕೆ ಏರದೆ ನಿಂತಿತು. ಮಂಡ್ಯದಲ್ಲಿ ರೈತರು ಬೀದಿಗಿಳಿದರು, ತಮಿಳುನಾಡಿಗೆ ಬಿಡಬೇಕಾದ ನೀರಿನ ವಿವಾದ ಮತ್ತೆ ಹೊತ್ತಿತು, ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು. ಆ ವರ್ಷ ಭೇರ್ಯದ ಸುತ್ತಿನ ಗದ್ದೆಯವರು ಬಸ್ಸಿಗೆ ಕಾಯುವವರನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೈಸೂರಲ್ಲಿ ಏನಂತಾರೆ?" ಮೈಸೂರಿನಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ. ಭತ್ತದ ಕಣಜವೆಂದು ಹೆಸರಾದ ತಾಲ್ಲೂಕಿನ ನಾಟಿಯ ಆಳಿಗೂ, ನಗರದ ಕಾಫಿ ಕುಡಿಯುವ ಗುಮಾಸ್ತನಿಗೂ ಆ ಮಳೆಗಾಲದಲ್ಲಿ ಚಿಂತೆ ಒಂದೇ ಆಗಿತ್ತು. ನಲ್ಲಿಯೂ ನಾಲೆಯೂ ಒಂದೇ ಹೊಳೆಯ ಮಕ್ಕಳೆಂಬುದು ಗುಮಾಸ್ತನಿಗೆ ಆಗ ಹೊಳೆಯಿತು.

ಮರುವರ್ಷ ಜುಲೈನಲ್ಲಿ ಕಟ್ಟೆ ತುಂಬಿತು. 2025ರಲ್ಲಂತೂ ಜೂನ್ ಮುಗಿಯುವುದರೊಳಗೇ ತುಂಬಿ, ಜೂನ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾವೇರಿಗೆ ಬಾಗಿನ ಅರ್ಪಿಸಿದರು. ಇಷ್ಟು ಬೇಗ ಬಾಗಿನದ ಮೊರ ನೀರಿಗಿಳಿದದ್ದು ಅಪರೂಪದಲ್ಲಿ ಅಪರೂಪ. ತುಂಬಿದ ಸುದ್ದಿ ಬಂದ ಮೊದಲ ಭಾನುವಾರ ಮೈಸೂರು ಮನೆಯಲ್ಲಿರುವುದಿಲ್ಲ. ಪುಳಿಯೋಗರೆ ಮೊಸರನ್ನಗಳ ಡಬ್ಬಿ ಕಟ್ಟಿಕೊಂಡು ಒಂದಷ್ಟು ಜನ ಕಟ್ಟೆಯ ತೂಬುಗಳಿಂದ ಧುಮುಕುವ ನೀರನ್ನು ನೋಡಲು, ಒಂದಷ್ಟು ಜನ ಬಲಮುರಿಗೆ, ಇನ್ನೊಂದಷ್ಟು ಜನ ಚುಂಚನಕಟ್ಟೆಗೆ ಹೊರಡುತ್ತಾರೆ. ರೈಲಿನಲ್ಲಿ ಕೃಷ್ಣರಾಜನಗರಕ್ಕೆ ಹೊರಟವರಿಗೆ ಸಾಗರಕಟ್ಟೆಯ ಸೇತುವೆಯ ಮೇಲೆ ಎರಡು ಮಗ್ಗುಲಲ್ಲಿಯೂ ಹಿನ್ನೀರು ಹರಡಿ, ರೈಲು ನೀರಿನ ಮೇಲೆಯೇ ನಡೆದಂತೆ ಭಾಸವಾಗುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 20 ಮೀಟರ್ ಎತ್ತರದಿಂದ ಬಂಡೆಗಳ ಮೇಲೆ ಹಾಯ್ದು ಬೀಳುವ ಭೋರ್ಗರೆತ ದೂರಕ್ಕೇ ಕೇಳುತ್ತದೆ. ದಂಡೆಯ ಕೋದಂಡರಾಮನ ಗರ್ಭಗುಡಿಯಲ್ಲಿ ಮಾತ್ರ ಆ ಸದ್ದು ಕೇಳಿಸದೆಂದು ಪ್ರತೀತಿ. ಅದನ್ನು ಪರೀಕ್ಷಿಸಲು ಒಳಗೆ ಹೋಗುವ ಮಕ್ಕಳು ತಾವೇ ಅಷ್ಟು ಗದ್ದಲವೆಬ್ಬಿಸುತ್ತಾರಾಗಿ ಪ್ರತೀತಿ ಸುಳ್ಳಾಗುವ ಸಂಭವವೇ ಇಲ್ಲ.

ಕಬಿನಿಯ ಕಡೆಯ ಕಥೆ ಯಾವಾಗಲೂ ಇಷ್ಟು ಸುಖದ್ದಲ್ಲ. ವಯನಾಡಿನಲ್ಲಿ ಸುರಿದರೆ ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಜಲಾಶಯದ ಬಾಗಿಲು ತೆರೆಯಲೇಬೇಕು. ತೆರೆದರೆ ನಂಜನಗೂಡಿನಲ್ಲಿ ಕಪಿಲೆ ಉಕ್ಕುತ್ತಾಳೆ. 2019ರ ಆಗಸ್ಟಿನಲ್ಲಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ಕಡಿದುಹೋಯಿತು. ಅದೇ ದಿನಗಳಲ್ಲಿ ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಬಡಾವಣೆಗಳಿಗೆ ನುಗ್ಗಿತು. ಹುಣಸೂರು ಪಿರಿಯಾಪಟ್ಟಣಗಳ ತಂಬಾಕಿನ ಹೊಲಗಳಿಗೆ ಹದವಾದ ಮಳೆ ಬೇಕು. ನೀರು ನಿಂತರೆ ಗಿಡ ಸೊರಗುತ್ತದೆ. ಅಲ್ಲಿಯ ರೈತನಿಗೆ ಮಳೆ ಸಾಲದ ವರ್ಷವೂ ನಷ್ಟ, ಮಿತಿಮೀರಿದ ವರ್ಷವೂ ನಷ್ಟ.

ನಗರದೊಳಗೂ ಸೋನೆಗೆ ಕುಸಿಯುವ ವಸ್ತುಗಳಿವೆ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಕೆಳಗೆ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಮಳೆಯಿಂದ ತಪ್ಪಿಸಿಕೊಳ್ಳಲು ಒಳಹೊಕ್ಕ ವಿದ್ಯಾರ್ಥಿ ಗಂಟೆಗಟ್ಟಲೆ ನಿಂತು ಓದಿ, ಒಂದನ್ನೂ ಕೊಳ್ಳದೆ ಹೊರಬಂದರೂ ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ಜೀವಹಾನಿಯಾಯಿತು, ಅಂಗಡಿಗಳು ತೆರವಾದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಕಡೆಯ ಭಾಗ ಬಿತ್ತು. ಕೆಡವಿ ಕಟ್ಟಬೇಕೆ, ದುರಸ್ತಿ ಮಾಡಿ ಉಳಿಸಬೇಕೆ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2021ರ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದ ನಂದಿಯ ದಾರಿ ಜರಿಯಿತು. 2022ರ ಅಕ್ಟೋಬರಿನಲ್ಲಿ ಅರಮನೆಯ ಕೋಟೆಗೋಡೆಯ ಒಂದು ತುಂಡು ಉರುಳಿತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಒಮ್ಮೆ ಸುರಿದು ನಿಲ್ಲುವ ಮಳೆಗಿಂತ ತಿಂಗಳುಗಟ್ಟಲೆ ಒಸರುವ ತೇವವೇ ಕೇಡು. ಮೇಲಿನ ಬಿರುಕಿನಲ್ಲಿ ಬೇರು ಬಿಟ್ಟ ಒಂದು ಅರಳಿಯ ಸಸಿಯನ್ನು ಬೇಸಿಗೆಯಲ್ಲಿ ಕಿತ್ತು ಹಾಕಿ, ನೀರು ಹೋಗುವ ಕೊಳವೆಯ ಕಸ ತೆಗೆದರೆ ಎಷ್ಟೋ ಗೋಡೆ ಉಳಿಯುತ್ತದೆ. ಅಂತಹ ಕೆಲಸಕ್ಕೆ ಉದ್ಘಾಟನೆ ಇಲ್ಲವಾದ್ದರಿಂದ ಅದು ಆಗುವುದಿಲ್ಲ.

ಬೀಳುವ ಭಯವಿರಲಿ ಬಿಡಲಿ, ಮಾರುಕಟ್ಟೆಯ ಹೂವಿನ ಸಾಲಿನವರು ಅಲ್ಲೇ ಕೂರಬೇಕು. ಸೂರಿನ ತೂತಿನ ಕೆಳಗೆ ಒಂದು ಕೊಡೆಯನ್ನು ಕಟ್ಟಿ, ಅದರ ಕೆಳಗೆ ಮಲ್ಲಿಗೆಯನ್ನಿಟ್ಟು, ತಾವು ಮಾತ್ರ ನೆನೆಯುತ್ತ ಹೂ ಕಟ್ಟುವ ಹೆಂಗಸರಿಗೆ ಸೋನೆ ರಮ್ಯವೇನೂ ಅಲ್ಲ. ಮಳೆಯ ದಿನ ಹೂ ಕೊಳ್ಳುವವರು ಕಡಿಮೆ. ಉಳಿದ ಹೂ ಮರುದಿನಕ್ಕೆ ಬಾರದು. ಸಂಜೆ ಆರರ ಮೇಲೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಬಲ್ಲ ಗೃಹಿಣಿಯರು ಆರಕ್ಕೇ ಬರುತ್ತಾರೆ.

ಆ ಹೊತ್ತಿಗೆ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ದೀಪ ಹತ್ತಿರುತ್ತದೆ. ಹಾಸನದ ಬಸ್ಸಿನೊಳಗೆ ಬೆಳಗಿನವರೇ ಮತ್ತೆ ಸೇರುತ್ತಾರೆ. ಕೊಡೆಗಳಿಂದ ನೀರು ಇಳಿದು ಬಸ್ಸಿನ ನಡುದಾರಿ ಕಾಲುವೆಯಾಗಿದೆ. ಯಾರದೋ ಚೀಲದಲ್ಲಿ ಅರ್ಧಬೆಲೆಯ ಮಲ್ಲಿಗೆ, ಯಾರದೋ ಕೈಯಲ್ಲಿ ಕಾಗದದ ಪೊಟ್ಟಣದ ಬೋಂಡ, ಎಣ್ಣೆ ಕಾಗದವನ್ನು ದಾಟಿ ಬೆರಳಿಗೆ ಬರುತ್ತಿದೆ. ಕಿಟಕಿಗಳು ಮುಚ್ಚಿವೆ. ಕೃಷ್ಣರಾಜನಗರದ ಸೇತುವೆಯ ಮೇಲೆ ಒಬ್ಬ ಮುದುಕ ಗಾಜು ಸರಿಸಿ ಕತ್ತಲೆಯಲ್ಲಿ ಏನೂ ಕಾಣದಿದ್ದರೂ ಕತ್ತು ಹೊರಗಿಟ್ಟು ನೋಡುತ್ತಾನೆ. ನೀರು ಕಾಣದು, ಸದ್ದು ಮಾತ್ರ ಕೇಳುತ್ತದೆ.

"ಬೆಳಗ್ಗೆಗಿಂತ ಜೋರಾಗಿದೆ" ಎಂದು ಹೇಳಿ ಅವನು ಗಾಜನ್ನು ಮುಚ್ಚುತ್ತಾನೆ. ಪಕ್ಕದವನು ಬೋಂಡದ ಪೊಟ್ಟಣವನ್ನು ಅವನ ಕಡೆಗೆ ಚಾಚುತ್ತಾನೆ.